ವಿಂಡೋಸ್ 10 ಬೆಂಬಲ ನಿಂತಿದೆ: ಡಿಟಿಪಿ ಅಂಗಡಿಯ ಹಳೇ ಕಂಪ್ಯೂಟರ್‌ಗಳನ್ನು ಏನು ಮಾಡಬೇಕು?

ಪ್ರಶ್ನೆ: ಚಾಮರಾಜಪೇಟೆಯಲ್ಲಿ ನಮ್ಮದೊಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಎರಡು ಡೆಸ್ಕ್‌ಟಾಪ್ ಇವೆ. ಎರಡೂ ಮೂರನೇ ತಲೆಮಾರಿನ ಕೋರ್ ಐ3, 4 ಜಿಬಿ ರ‍್ಯಾಮ್, ವಿಂಡೋಸ್ 10. ಒಂದರಲ್ಲಿ ಕನ್ನಡ ಟೈಪಿಂಗಿನ ನುಡಿ, ಪುಟ ವಿನ್ಯಾಸದ ಪೇಜ್‌ಮೇಕರ್ 7 ಇದೆ, ಕ್ಯಾನನ್ ಎಲ್‌ಬಿಪಿ 2900 ಪ್ರಿಂಟರ್ ಅದಕ್ಕೇ ಜೋಡಿಸಿದೆ. ಇನ್ನೊಂದರಲ್ಲಿ ಗಿರಾಕಿಗಳ ಆನ್‌ಲೈನ್ ಅರ್ಜಿ, ಇಮೇಲ್, ವಾಟ್ಸ್ಆ್ಯಪ್. ಮನೆಯಲ್ಲಿ ಮಗಳ ಲ್ಯಾಪ್‌ಟಾಪ್ ಇದೆ: ಐ5-8250ಯು, 8 ಜಿಬಿ ರ‍್ಯಾಮ್, ಹಾರ್ಡ್ ಡಿಸ್ಕ್. ಅವಳದು ಬಿ.ಕಾಂ., ಟ್ಯಾಲಿ ಬೇಕೇ ಬೇಕು. ಲ್ಯಾಪ್‌ಟಾಪಿಗೂ ವಿಂಡೋಸ್ 11 ಆಗಲ್ಲ ಅಂತ ತೋರಿಸ್ತಿದೆ. ರಿಪೇರಿಯವರೊಬ್ಬರು ಮೂರನ್ನೂ ಬಿಸಾಡಿ ಹೊಸದು ತಗೊಳ್ಳಿ ಅಂತಾರೆ. ಇನ್ನೊಬ್ಬರು 500 ರೂಪಾಯಿ ಕೊಟ್ಟರೆ ಮೂರಕ್ಕೂ ವಿಂಡೋಸ್ 11 ಹಾಕಿಕೊಡ್ತೀನಿ ಅಂತಾರೆ. ಹದಿನೈದು ವರ್ಷದ ನುಡಿ ಫೈಲ್‌ಗಳಿವೆ. ಏನು ಮಾಡಲಿ?

ಉತ್ತರ: ಮೂರರಲ್ಲಿ ಒಂದನ್ನೂ ಬಿಸಾಡಬೇಕಿಲ್ಲ, ಆ 500 ರೂಪಾಯಿಯನ್ನೂ ಕೊಡಬೇಕಿಲ್ಲ. ಆದರೆ ಮೂರಕ್ಕೂ ಒಂದೇ ಮದ್ದು ನಡೆಯುವುದಿಲ್ಲ. ಯಾವ ಯಂತ್ರ ಇಂಟರ್‌ನೆಟ್ ಮುಟ್ಟುತ್ತದೆ, ಯಾವುದಕ್ಕೆ ಊರವರ ಪೆನ್ ಡ್ರೈವ್ ಬಂದು ಸಿಕ್ಕಿಕೊಳ್ಳುತ್ತದೆ, ಯಾವುದರಲ್ಲಿ ಮತ್ತೆ ಸಿಗದ ಫೈಲ್‌ಗಳಿವೆ ಎಂದು ನೋಡಿ, ಒಂದೊಂದಕ್ಕೆ ಒಂದೊಂದು ಕೆಲಸ ಗೊತ್ತುಮಾಡಬೇಕು.

ಮೊದಲು, ನಿಂತಿರುವುದು ಏನು ಎಂಬುದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಭದ್ರತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಯಂತ್ರ ಅಂದು ಹೇಗೆ ಓಡುತ್ತಿತ್ತೋ ಇಂದೂ ಹಾಗೇ ಓಡುತ್ತದೆ. ಆದರೆ ಅದರ ಒಳಗೆ ಹೊಸದಾಗಿ ಪತ್ತೆಯಾಗುವ ತೂತುಗಳನ್ನು ಮುಚ್ಚುವವರು ಇಲ್ಲ. ‘ಆ್ಯಂಟಿವೈರಸ್ ಇದೆಯಲ್ಲ’ ಎಂದು ಅನೇಕರು ಸುಮ್ಮನಿರುತ್ತಾರೆ. ವಿಂಡೋಸಿನದೇ ಡಿಫೆಂಡರ್‌ಗೆ ವೈರಸ್ ಪಟ್ಟಿ 2028ರ ಅಕ್ಟೋಬರ್‌ವರೆಗೂ ಬರುತ್ತದೆ, ನಿಜ. ಆದರೆ ಆ್ಯಂಟಿವೈರಸ್ ಮಾಡುವುದು ಕಂಡ ಕಳ್ಳನನ್ನು ಹಿಡಿಯುವ ಕೆಲಸ. ಗೋಡೆಯ ಬಿರುಕನ್ನು ಮುಚ್ಚುವುದು ಭದ್ರತಾ ಅಪ್‌ಡೇಟ್ ಮಾತ್ರ. ಆಫೀಸ್ 2016, 2019 ಬಳಸುತ್ತಿದ್ದರೆ ಅವುಗಳ ಬೆಂಬಲವೂ ಅದೇ ದಿನ ಮುಗಿದಿದೆ.

ಒಂದು ವರ್ಷದ ಗಡುವು ಸಿಗುತ್ತದೆ. ಮನೆಬಳಕೆಯ ಯಂತ್ರಗಳಿಗೆ ಮೈಕ್ರೋಸಾಫ್ಟ್ ವಿಸ್ತರಿತ ಭದ್ರತಾ ಅಪ್‌ಡೇಟ್ ಯೋಜನೆಯನ್ನು 2026ರ ಅಕ್ಟೋಬರ್ 13ರವರೆಗೆ ಇಟ್ಟಿದೆ. ಸೆಟ್ಟಿಂಗ್ಸ್‌ನಲ್ಲಿ ‘ಅಪ್‌ಡೇಟ್ ಆ್ಯಂಡ್ ಸೆಕ್ಯುರಿಟಿ’, ಅದರೊಳಗೆ ‘ವಿಂಡೋಸ್ ಅಪ್‌ಡೇಟ್’ ತೆರೆದರೆ ‘ಎನ್‌ರೋಲ್ ನೌ’ ಎಂಬ ಕೊಂಡಿ ಕಾಣುತ್ತದೆ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆಗಿ, ಸೆಟ್ಟಿಂಗ್‌ಗಳ ಬ್ಯಾಕಪ್‌ಗೆ ಒಪ್ಪಿದರೆ ಉಚಿತ. ಬ್ಯಾಕಪ್ ಬೇಡವೆಂದರೆ 1000 ರಿವಾರ್ಡ್ಸ್ ಪಾಯಿಂಟ್ ಅಥವಾ 30 ಡಾಲರ್‌ಗೆ ಸಮನಾದ ಮೊತ್ತ. ಕೊಂಡಿಯೇ ಕಾಣದಿದ್ದರೆ ಮೊದಲು ‘ವಿನ್‌ವರ್’ ಎಂದು ಟೈಪಿಸಿ ಆವೃತ್ತಿ ನೋಡಿ. 22ಎಚ್2, ಅಂದರೆ ಬಿಲ್ಡ್ 19045 ಇರಲೇಬೇಕು. ಹಳೆಯದಿದ್ದರೆ ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಹಾಕಿ, ರೀಸ್ಟಾರ್ಟ್ ಮಾಡಿ, ಮತ್ತೆ ನೋಡಿ. ಲಾಗಿನ್ ಆಗಿರುವ ಖಾತೆಗೆ ಅಡ್ಮಿನ್ ಅಧಿಕಾರ ಇಲ್ಲದಿದ್ದರೂ ನೋಂದಣಿ ಆಗುವುದಿಲ್ಲ. ಮುಂದಿನ ಬದಲಾವಣೆಗಳಿಗೆ ಸಮಯ ಬೇಕು, ಅಲ್ಲಿಯವರೆಗೆ ಯಂತ್ರ ಬರಿಮೈಯಲ್ಲಿ ಇರಬಾರದು. ಹಾಗಾಗಿ ಲ್ಯಾಪ್‌ಟಾಪ್ ಮತ್ತು ಇಂಟರ್‌ನೆಟ್ ಇರುವ ಡೆಸ್ಕ್‌ಟಾಪ್ ಎರಡನ್ನೂ ಇವತ್ತೇ ನೋಂದಾಯಿಸಿಬಿಡಿ.

ಈಗ ಮಗಳ ಲ್ಯಾಪ್‌ಟಾಪ್. ಇದರ ಬಗ್ಗೆ ನಿಮಗೆ ಸಿಕ್ಕಿರುವ ಸಲಹೆ ತಪ್ಪು. ವಿಂಡೋಸ್ 11 ಕೇಳುವುದು ಇಂಟೆಲ್ ಆದರೆ ಬಹುಮಟ್ಟಿಗೆ 8ನೇ ತಲೆಮಾರು ಅಥವಾ ಅದರ ನಂತರದ್ದು, 4 ಜಿಬಿ ರ‍್ಯಾಮ್, 64 ಜಿಬಿ ಜಾಗ, ಯುಇಎಫ್‌ಐ (ಯಂತ್ರವನ್ನು ಎಬ್ಬಿಸುವ ಹೊಸ ವಿಧಾನ), ಸೆಕ್ಯೂರ್ ಬೂಟ್ (ಸಹಿಯಿಲ್ಲದ್ದನ್ನು ಬೂಟ್ ಆಗಲು ಬಿಡದ ಕಾವಲು) ಮತ್ತು ಟಿಪಿಎಂ 2.0 (ಗುಪ್ತ ಕೀಗಳನ್ನು ಕಾಯುವ ಭದ್ರತಾ ಭಾಗ). ಐ5-8250ಯು ಆ ಪಟ್ಟಿಯಲ್ಲೇ ಇದೆ. ಆದರೂ ‘ಆಗಲ್ಲ’ ಎಂದು ತೋರಿಸುತ್ತಿದ್ದರೆ, ಸಾಮಾನ್ಯವಾಗಿ ಕಾರಣ ಒಂದೇ: ಹಿಂದೆ ಯಾರೋ ಫಾರ್ಮ್ಯಾಟ್ ಮಾಡಿಕೊಟ್ಟಾಗ ‘ಲೆಗಸಿ’ ಎಂಬ ಹಳೇ ಬೂಟ್ ಮೋಡ್‌ನಲ್ಲಿ ವಿಂಡೋಸ್ ಹಾಕಿದ್ದಾರೆ. ಸ್ಟಾರ್ಟ್‌ನಲ್ಲಿ ‘ಸಿಸ್ಟಮ್ ಇನ್ಫರ್ಮೇಷನ್’ ತೆರೆದು ‘ಬಯಾಸ್ ಮೋಡ್’ ಎಂಬ ಸಾಲು ನೋಡಿ. ಅಲ್ಲಿ ‘ಲೆಗಸಿ’ ಎಂದಿದ್ದರೆ ರೋಗ ಸಿಕ್ಕಿತು. ಟಿಪಿಎಂ ಕೂಡ ಆಫ್ ಆಗಿರಬಹುದು. ಇಂಟೆಲ್ ಲ್ಯಾಪ್‌ಟಾಪ್‌ಗಳ ಬಯಾಸ್‌ನಲ್ಲಿ (ವಿಂಡೋಸ್‌ಗೂ ಮೊದಲು ತೆರೆಯುವ ಸೆಟ್ಟಿಂಗ್ ಪುಟಗಳಲ್ಲಿ) ಅದು ‘ಪಿಟಿಟಿ’ ಎಂಬ ಹೆಸರಿನಲ್ಲಿ, ಸೆಕ್ಯುರಿಟಿ ಪುಟದಲ್ಲೋ ಅಡ್ವಾನ್ಸ್‌ಡ್ ಪುಟದಲ್ಲೋ ಇರುತ್ತದೆ.

ಲೆಗಸಿಯಿಂದ ಯುಇಎಫ್‌ಐಗೆ ಹೋಗಲು ವಿಂಡೋಸಿನಲ್ಲೇ ‘ಎಂಬಿಆರ್2ಜಿಪಿಟಿ’ ಎಂಬ ಉಪಕರಣ ಇದೆ, ಫೈಲ್‌ಗಳನ್ನು ಅಳಿಸದೆ ಡಿಸ್ಕಿನ ವಿಭಾಗಪಟ್ಟಿಯನ್ನು ಬದಲಿಸುತ್ತದೆ. ಆದರೆ ನಮ್ಮ ಊರಿನ ಯಂತ್ರಗಳಲ್ಲಿ ಅದು ಮೊದಲ ಹೆಜ್ಜೆಯಲ್ಲೇ ಎಡವುವುದು ಹೆಚ್ಚು. ಅಂಗಡಿಯವರು ಸಿ, ಡಿ, ಇ ಎಂದು ಡ್ರೈವ್ ಮಾಡಿಕೊಡುವ ರೂಢಿ ಇದೆಯಲ್ಲ, ಆ ಡಿ, ಇ ಎಷ್ಟೋ ಸಲ ‘ಎಕ್ಸ್‌ಟೆಂಡೆಡ್’ ವಿಭಾಗದೊಳಗಿನ ಲಾಜಿಕಲ್ ಡ್ರೈವ್‌ಗಳಾಗಿರುತ್ತವೆ. ಅಂಥ ಡಿಸ್ಕನ್ನು ಈ ಉಪಕರಣ ಒಪ್ಪುವುದಿಲ್ಲ. ಪ್ರೈಮರಿ ವಿಭಾಗಗಳೇ ನಾಲ್ಕಿದ್ದರೂ ಒಪ್ಪುವುದಿಲ್ಲ, ಮೂರಕ್ಕಿಂತ ಹೆಚ್ಚಿರಬಾರದು.

ಇದರ ಜೊತೆ ಗುದ್ದಾಡುವ ಬದಲು ಹೊಸ ಎಸ್‌ಎಸ್‌ಡಿ (ಹಾರ್ಡ್ ಡಿಸ್ಕಿನ ಬದಲಿಗೆ ಬರುವ ವೇಗದ ಚಿಪ್ ಡಿಸ್ಕ್) ಹಾಕಿ, ಅದರ ಮೇಲೆ ನೇರವಾಗಿ ವಿಂಡೋಸ್ 11 ಹಾಕುವುದೇ ಮೇಲು. ಹಾರ್ಡ್ ಡಿಸ್ಕಿನ ಮೇಲೆ ವಿಂಡೋಸ್ 11 ಓಡಿಸಿದರೆ ಮಗಳು ದಿನಾ ಕಾಯುತ್ತ ಕೂರಬೇಕಾಗುತ್ತದೆ, ಎಸ್‌ಎಸ್‌ಡಿ ಹೇಗಿದ್ದರೂ ಬೇಕು. ಬಿಡಿಭಾಗಕ್ಕೆಂದು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗುವ ಮೊದಲು ಲ್ಯಾಪ್‌ಟಾಪಿನ ತಳದ ಚೀಟಿಯಲ್ಲಿರುವ ಮಾಡೆಲ್ ನಂಬರ್ ಬರೆದುಕೊಳ್ಳಿ. ಒಳಗೆ ಎಂ.2 ಸ್ಲಾಟ್ (ತೆಳ್ಳನೆಯ ಪಟ್ಟಿಯಂಥ ಎಸ್‌ಎಸ್‌ಡಿ ಕೂರುವ ಜಾಗ) ಇದ್ದರೆ ಅದು ಎನ್‌ವಿಎಂಇ ಬಗೆಯದನ್ನು ತೆಗೆದುಕೊಳ್ಳುತ್ತದೋ ಸಾಟಾ ಬಗೆಯದನ್ನು ಮಾತ್ರವೋ ಎಂದು ಆ ಮಾಡೆಲ್ಲಿನ ಕೈಪಿಡಿಯಲ್ಲಿ ನೋಡಿಯೇ ಕೊಳ್ಳಿ. ಎರಡೂ ಕಣ್ಣಿಗೆ ಒಂದೇ ಥರ, ತಪ್ಪಾಗಿ ತಂದರೆ ಯಂತ್ರ ಗುರುತಿಸುವುದಿಲ್ಲ. ಸ್ಲಾಟ್ ಇಲ್ಲದಿದ್ದರೆ ಹಾರ್ಡ್ ಡಿಸ್ಕಿನ ಜಾಗಕ್ಕೇ 2.5 ಇಂಚಿನ, 7 ಮಿ.ಮೀ. ದಪ್ಪದ ಸಾಟಾ ಎಸ್‌ಎಸ್‌ಡಿ ಕೂರುತ್ತದೆ. ಟ್ಯಾಲಿ, ಎಕ್ಸೆಲ್ ಕೆಲಸಕ್ಕೆ 8 ಜಿಬಿ ರ‍್ಯಾಮ್ ಸಾಕು. ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರ್‌ಗಳ ಬೇಡಿಕೆಯಿಂದ 2025ರ ಕೊನೆಯಲ್ಲಿ ರ‍್ಯಾಮ್ ಬೆಲೆ ಏರಿತು, ಅಗತ್ಯವಿಲ್ಲದೆ ಅದಕ್ಕೆ ದುಡ್ಡು ಸುರಿಯಬೇಡಿ.

ಕೆಲಸದ ಕ್ರಮ ಹೀಗಿರಲಿ. ಟ್ಯಾಲಿಯ ಡೇಟಾ ಫೋಲ್ಡರ್ ಸೇರಿ ಬೇಕಾದ್ದನ್ನೆಲ್ಲ ಹೊರಗಿನ ಡಿಸ್ಕಿಗೆ ನಕಲು ಮಾಡಿ. ಮೈಕ್ರೋಸಾಫ್ಟಿನ ‘ಮೀಡಿಯಾ ಕ್ರಿಯೇಷನ್ ಟೂಲ್’ನಿಂದ 8 ಜಿಬಿ ಅಥವಾ ದೊಡ್ಡ ಪೆನ್ ಡ್ರೈವ್‌ಗೆ ವಿಂಡೋಸ್ 11 ಇಳಿಸಿಕೊಳ್ಳಿ. ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆದು, ತಳ ಬಿಚ್ಚಿದ ಕೂಡಲೇ ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಬಟನ್ನನ್ನು 15 ಸೆಕೆಂಡ್ ಒತ್ತಿಹಿಡಿಯಿರಿ. ಬ್ಯಾಟರಿ ಊದಿಕೊಂಡಿದ್ದರೆ ಅಲ್ಲಿಗೇ ನಿಲ್ಲಿಸಿ, ಅದನ್ನು ಒತ್ತದೆ, ಚುಚ್ಚದೆ ಮೊದಲು ಬದಲಾಯಿಸಿ. ಹಳೇ ಹಾರ್ಡ್ ಡಿಸ್ಕನ್ನು ಕಳಚಿ ಹೊರಗಿಟ್ಟೇ ಹೊಸದರ ಮೇಲೆ ವಿಂಡೋಸ್ ಹಾಕಿ. ಎರಡೂ ಒಳಗಿದ್ದರೆ ಸೆಟಪ್ ಎಷ್ಟೋ ಸಲ ಬೂಟ್ ವಿಭಾಗವನ್ನು ಹಳೇ ಡಿಸ್ಕಿನ ಮೇಲೆ ಮಾಡಿಬಿಡುತ್ತದೆ, ಆಮೇಲೆ ಆ ಡಿಸ್ಕ್ ತೆಗೆದ ದಿನ ಯಂತ್ರ ಏಳುವುದಿಲ್ಲ. ಬಯಾಸ್‌ನಲ್ಲಿ ಮೋಡ್ ಯುಇಎಫ್‌ಐ, ಸೆಕ್ಯೂರ್ ಬೂಟ್ ಆನ್, ಪಿಟಿಟಿ ಆನ್ ಮಾಡಿ, ಆಮೇಲೆ ಪೆನ್ ಡ್ರೈವ್‌ನಿಂದ ಬೂಟ್ ಮಾಡಿ.

ಲ್ಯಾಪ್‌ಟಾಪ್ ಕೊಂಡಾಗಲೇ ಅಸಲಿ ವಿಂಡೋಸ್ 10 ಬಂದಿದ್ದರೆ ಅದರ ಕೀ ಬಯಾಸ್‌ನೊಳಗೇ ಕೂತಿರುತ್ತದೆ, 11 ತಾನಾಗಿ ಆ್ಯಕ್ಟಿವೇಟ್ ಆಗುತ್ತದೆ, ದುಡ್ಡಿಲ್ಲ. ‘ಡಾಸ್’ ಲ್ಯಾಪ್‌ಟಾಪ್, ಅಂದರೆ ವಿಂಡೋಸ್ ಇಲ್ಲದ್ದು, ತಂದು ಆಮೇಲೆ ಕ್ರ್ಯಾಕ್ ಹಾಕಿಸಿದ್ದರೆ ಲೈಸೆನ್ಸ್ ಕೊಳ್ಳಬೇಕಾಗುತ್ತದೆ. ಇನ್ನೊಂದು ಎಚ್ಚರಿಕೆ: ಈಗಿನ ವಿಂಡೋಸ್ 11 ಹೊಸದಾಗಿ ಹಾಕಿದಾಗ ಡಿಸ್ಕನ್ನು ತಾನಾಗಿಯೇ ಎನ್‌ಕ್ರಿಪ್ಟ್ ಮಾಡುವುದುಂಟು. ಅದರ 48 ಅಂಕಿಯ ರಿಕವರಿ ಕೀ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿಯುತ್ತದೆ. ಯಾರದೋ ಇಮೇಲ್ ಹಾಕಿ ಸೆಟಪ್ ಮುಗಿಸಿದರೆ, ನಾಳೆ ಮದರ್‌ಬೋರ್ಡ್ ಕೆಟ್ಟಾಗ ಫೈಲ್‌ಗಳು ಕೈತಪ್ಪುತ್ತವೆ. ಮಗಳದೇ ಖಾತೆ ಬಳಸಿ, ಆ ಅಂಕಿಗಳನ್ನು ಕಾಗದದ ಮೇಲೆ ಬರೆದು ಬೀರುವಿನಲ್ಲಿಡಿ. ಕೊನೆಗೆ ತಯಾರಕರ ತಾಣದಿಂದ ಬಯಾಸ್ ಅಪ್‌ಡೇಟ್ ಹಾಕಿ. ಸೆಕ್ಯೂರ್ ಬೂಟ್ ನೆಚ್ಚಿಕೊಂಡಿರುವ 2011ರ ಪ್ರಮಾಣಪತ್ರಗಳ ಅವಧಿ 2026ರ ಜೂನ್‌ನಿಂದ ಮುಗಿಯತೊಡಗುತ್ತದೆ, ಹೊಸವು ವಿಂಡೋಸ್ ಅಪ್‌ಡೇಟ್ ಮೂಲಕ ಬರುತ್ತವೆ. ಅಪ್‌ಡೇಟ್ ತಡೆಯದಿದ್ದರೆ ಸಾಕು.

ಅಂಗಡಿಯ ಡೆಸ್ಕ್‌ಟಾಪ್‌ಗಳ ಮಾತೇ ಬೇರೆ. ಮೂರನೇ ತಲೆಮಾರಿನ ಐ3 ವಿಂಡೋಸ್ 11ರ ಪಟ್ಟಿಯಲ್ಲಿ ಇಲ್ಲ. 500 ರೂಪಾಯಿಯವರು ಮಾಡುವುದು ಪರೀಕ್ಷೆಯನ್ನು ದಾಟಿಸುವ ಪೆನ್ ಡ್ರೈವ್ ತಯಾರಿಸಿ ಹಾಕುವುದು. ಅದು ಬೂಟ್ ಆಗುತ್ತದೆ, ಓಡುತ್ತದೆ ಕೂಡ. ಆದರೆ ಅಂಥ ಯಂತ್ರಗಳಿಗೆ ಅಪ್‌ಡೇಟ್ ಕೊಡುವ ಹೊಣೆ ತನ್ನದಲ್ಲ ಎಂದು ಮೈಕ್ರೋಸಾಫ್ಟ್ ಹೇಳಿಬಿಟ್ಟಿದೆ. ವರ್ಷಕ್ಕೊಮ್ಮೆ ಬರುವ ದೊಡ್ಡ ಆವೃತ್ತಿಗೆ ಪ್ರತಿ ಸಲವೂ ಇದೇ ಕಸರತ್ತು ಮಾಡಬೇಕು. ಜೊತೆಗೆ ‘ಆ್ಯಕ್ಟಿವೇಟರ್’ ಓಡಿಸಬೇಕೆಂದು ಡಿಫೆಂಡರನ್ನು ಆಫ್ ಮಾಡಿಸುತ್ತಾರೆ. ಗಿರಾಕಿಗಳ ಆಧಾರ್, ಅಂಕಪಟ್ಟಿ ಸ್ಕ್ಯಾನ್ ಆಗುವ ಯಂತ್ರದಲ್ಲಿ ಕಾವಲುಗಾರನನ್ನು ಮಲಗಿಸಿ ಅನಾಮಧೇಯ ಪ್ರೋಗ್ರಾಮ್ ಓಡಿಸುವುದನ್ನು ಯಾವ ಕಾರಣಕ್ಕೂ ಒಪ್ಪಬೇಡಿ.

ಇಂಟರ್‌ನೆಟ್ ಇರುವ ಡೆಸ್ಕ್‌ಟಾಪಿಗೆ ವಿಂಡೋಸಿನ ಬದಲು ಲಿನಕ್ಸ್ ಮಿಂಟ್ 22 ಎಂಬ ಕಾರ್ಯಾಚರಣಾ ವ್ಯವಸ್ಥೆ ಹಾಕಿ. 4 ಜಿಬಿ ರ‍್ಯಾಮ್ ಆದ್ದರಿಂದ ಅದರ ಹಗುರವಾದ ಎಕ್ಸ್‌ಎಫ್‌ಸಿಇ ಆವೃತ್ತಿ ಒಗ್ಗುತ್ತದೆ. ಉಚಿತ, ಭದ್ರತಾ ಅಪ್‌ಡೇಟ್ 2029ರವರೆಗೆ. ನಿಮ್ಮ ಅಂಗಡಿಗೆ ಇದರ ದೊಡ್ಡ ಲಾಭ ಬೇರೆಯೇ ಇದೆ. ಗಿರಾಕಿ ತರುವ ಪೆನ್ ಡ್ರೈವ್‌ಗಳಲ್ಲಿ ಫೋಲ್ಡರ್‌ಗಳೆಲ್ಲ ಮಾಯವಾಗಿ ಶಾರ್ಟ್‌ಕಟ್‌ಗಳು ಮಾತ್ರ ಕಾಣುವ ವೈರಸ್ ಇರುತ್ತದಲ್ಲ, ಅದು ವಿಂಡೋಸ್ ಶಾರ್ಟ್‌ಕಟ್ಟನ್ನೂ ಅದರ ಹಿಂದಿನ ವಿಂಡೋಸ್ ಪ್ರೋಗ್ರಾಮನ್ನೂ ನೆಚ್ಚಿಕೊಂಡಿದೆ. ಮಿಂಟ್‌ನಲ್ಲಿ ಡಬಲ್ ಕ್ಲಿಕ್ ಮಾಡಿದರೂ ಅವು ಓಡುವುದಿಲ್ಲ. ವೈರಸ್ ಅಡಗಿಸಿದ ಅಸಲಿ ಫೋಲ್ಡರ್‌ಗಳು ಮಾತ್ರ ಮಾಮೂಲಾಗಿ ಕಣ್ಣೆದುರೇ ಕಾಣುತ್ತವೆ.

ಡಿಸ್ಕಿಗೆ ಹಾಕುವ ಮೊದಲು ಪೆನ್ ಡ್ರೈವ್‌ನಿಂದಲೇ ಮಿಂಟ್ ಬೂಟ್ ಮಾಡಿ ಒಂದಿಡೀ ದಿನ ಕೆಲಸ ಮಾಡಿ ನೋಡಿ. ನೀವು ದಿನಾ ತೆರೆಯುವ ಸೇವಾ ಸಿಂಧುವಿನಂಥ ತಾಣಗಳಲ್ಲಿ ಒಂದೊಂದು ಅರ್ಜಿಯನ್ನು ಕೊನೆಯ ಪುಟದವರೆಗೂ ನಡೆಸಿ. ಸ್ಕ್ಯಾನರ್ ಜೋಡಿಸಿ. ಬೆರಳಚ್ಚು ಸಾಧನ ಅಥವಾ ಡಿಜಿಟಲ್ ಸಹಿಯ ಟೋಕನ್ ಬಳಸುವವರಾದರೆ ಅದನ್ನು ಮೊದಲು ಪರೀಕ್ಷಿಸಿ, ಅವುಗಳ ಡ್ರೈವರ್ ಎಷ್ಟೋ ಸಲ ವಿಂಡೋಸ್‌ಗೆ ಮಾತ್ರ ಇರುತ್ತದೆ. ಅದು ನಡೆಯದಿದ್ದರೆ ಈ ಯಂತ್ರವನ್ನು 2026ರ ಅಕ್ಟೋಬರ್‌ವರೆಗೆ ವಿಸ್ತರಿತ ಅಪ್‌ಡೇಟ್‌ನಲ್ಲೇ ಓಡಿಸಿ. ಆಮೇಲೆ ಬಳಸಿದ 8ನೇ ತಲೆಮಾರಿನ ಡೆಸ್ಕ್‌ಟಾಪ್ ಒಂದನ್ನು ತರುವುದು ಸರಿ.

ನುಡಿಯಲ್ಲಿ ಪಳಗಿದ ಬೆರಳುಗಳಿಗೆ ಮಿಂಟ್‌ನಲ್ಲಿ ತೊಂದರೆಯಿಲ್ಲ. ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕನ್ನಡ ಗಣಕ ಪರಿಷತ್ತಿನ ಕೀಲಿಮಣೆ ಅಲ್ಲೂ ಇದೆ. ಸಾಫ್ಟ್‌ವೇರ್ ಮ್ಯಾನೇಜರ್‌ನಲ್ಲಿ ‘ಐಬಸ್-ಎಂ17ಎನ್’ ಹುಡುಕಿ ಹಾಕಿ. ‘ಇನ್‌ಪುಟ್ ಮೆಥಡ್’ನಲ್ಲಿ ಐಬಸ್ ಆಯ್ದು ಲಾಗೌಟ್ ಆಗಿ ಮತ್ತೆ ಬನ್ನಿ, ಈ ಹೆಜ್ಜೆ ಮರೆತರೆ ಏನೂ ಕಾಣದು. ಐಬಸ್ ಪಟ್ಟಿಯಲ್ಲಿ ಕನ್ನಡದಡಿ ‘ಕೆಜಿಪಿ’ ಸೇರಿಸಿ. ವಿಂಡೋಸ್ ಲಾಂಛನದ ಕೀ ಮತ್ತು ಸ್ಪೇಸ್ ಒಟ್ಟಿಗೆ ಒತ್ತಿದರೆ ಇಂಗ್ಲಿಷ್–ಕನ್ನಡ ಬದಲಾಗುತ್ತದೆ. ‘ಗುಬ್ಬಿ’, ‘ನವಿಲು’ ಎಂಬ ಮುದ್ದಾದ ಹೆಸರಿನ ಕನ್ನಡ ಫಾಂಟ್‌ಗಳೂ ಅಲ್ಲೇ ಸಿಗುತ್ತವೆ.

ಪೇಜ್‌ಮೇಕರ್ ಯಂತ್ರವನ್ನು ವಿಂಡೋಸ್ 10ರಲ್ಲೇ ಬಿಡಿ, ಆದರೆ ಇಂಟರ್‌ನೆಟ್‌ನಿಂದ ಪೂರ್ತಿ ಕಿತ್ತುಬಿಡಿ. ಲ್ಯಾನ್ ಕೇಬಲ್ ತೆಗೆಯಿರಿ, ವೈಫೈ ಇದ್ದರೆ ಡಿವೈಸ್ ಮ್ಯಾನೇಜರ್‌ನಲ್ಲಿ ನಿಷ್ಕ್ರಿಯಗೊಳಿಸಿ, ಆಟೋಪ್ಲೇ ಆಫ್ ಮಾಡಿ. ಎಲ್‌ಬಿಪಿ 2900 ಕೂಡ ಇಲ್ಲೇ ಇರಲಿ. ಅದು ‘ಕ್ಯಾಪ್ಟ್’ ಎಂಬ ಕ್ಯಾನನ್ನಿನದೇ ಭಾಷೆಯನ್ನಷ್ಟೇ ಅರಿಯುತ್ತದೆ, ಲಿನಕ್ಸ್‌ನಲ್ಲಿ ಅದನ್ನು ನಡೆಸುವುದು ತಲೆನೋವು. ಮಿಂಟ್‌ನಲ್ಲಿ ಮಾಡಿದ್ದನ್ನು ಪಿಡಿಎಫ್ ಮಾಡಿ, ಅಂಗಡಿಯದೇ ಒಂದು ಪೆನ್ ಡ್ರೈವ್‌ನಲ್ಲಿ ತಂದು ಇಲ್ಲಿ ಪ್ರಿಂಟ್ ತೆಗೆಯಿರಿ. ಆ ಪೆನ್ ಡ್ರೈವ್‌ಗೆ ಕೆಂಪು ದಾರ ಕಟ್ಟಿಡಿ. ಕೆಂಪು ದಾರ ಇಲ್ಲದ್ದು ಯಾವುದೂ ಈ ಯಂತ್ರಕ್ಕೆ ಸಿಕ್ಕಬಾರದು, ಗಿರಾಕಿ ಎಷ್ಟೇ ಅವಸರ ಮಾಡಿದರೂ ಸರಿ.

ಈ ಯಂತ್ರದ ಹಾರ್ಡ್ ಡಿಸ್ಕಿಗೆ ಹತ್ತು ವರ್ಷ ದಾಟಿರಬೇಕು. ‘ಕ್ಲೋನ್‌ಜಿಲ್ಲಾ’ ಎಂಬ ಉಚಿತ ಉಪಕರಣದಿಂದ ಅದನ್ನು ಹೊಸ ಎಸ್‌ಎಸ್‌ಡಿಗೆ ಇದ್ದದ್ದು ಇದ್ದ ಹಾಗೆ ನಕಲು ಮಾಡಿಬಿಡಿ, ಪೇಜ್‌ಮೇಕರ್ ಮರುಸ್ಥಾಪನೆಯ ಗೋಳು ತಪ್ಪುತ್ತದೆ. ಹೊಸ ಡಿಸ್ಕ್ ಹಳೆಯದಕ್ಕಿಂತ ಚಿಕ್ಕದಿರಬಾರದು. 500 ಜಿಬಿ ಹಾರ್ಡ್ ಡಿಸ್ಕಿಗೆ 480 ಜಿಬಿ ಎಸ್‌ಎಸ್‌ಡಿ ತಂದು, ನಕಲು ನಿರಾಕರಿಸಿತೆಂದು ತಲೆ ಕೆಡಿಸಿಕೊಳ್ಳುವವರು ಬಹಳ. ಮದರ್‌ಬೋರ್ಡಿನ ಮೇಲಿನ ಸಿಆರ್2032 ನಾಣ್ಯದ ಬ್ಯಾಟರಿಯನ್ನೂ ಎರಡೂ ಡೆಸ್ಕ್‌ಟಾಪ್‌ಗಳಲ್ಲಿ ಬದಲಿಸಿ. ಅದು ಸತ್ತರೆ ಯಂತ್ರದ ದಿನಾಂಕ ಹಿಂದಕ್ಕೆ ಹೋಗುತ್ತದೆ. ಆಗ ಬ್ರೌಸರ್ ಎಲ್ಲ ತಾಣಗಳನ್ನೂ ‘ಸುರಕ್ಷಿತವಲ್ಲ’ ಎನ್ನುತ್ತದೆ.

ಇನ್ನು ನಿಮ್ಮ ಹದಿನೈದು ವರ್ಷದ ಗಂಟು. ಕಂಪ್ಯೂಟರ್ ಹೋದರೆ ಇನ್ನೊಂದು ತರಬಹುದು, ಈ ಫೈಲ್‌ಗಳು ಹೋದರೆ ಹೋದವೇ. ಮೇಲಿನ ಯಾವ ಕೆಲಸಕ್ಕೂ ಕೈ ಹಾಕುವ ಮುಂಚೆ ಇವುಗಳ ಎರಡು ಪ್ರತಿ ಮಾಡಿ, ಒಂದು ಅಂಗಡಿಯಲ್ಲಿ, ಒಂದು ಮನೆಯಲ್ಲಿ ಇಡಿ. ಜೊತೆಗೆ ವಿಂಡೋಸಿನ ಫಾಂಟ್ಸ್ ಫೋಲ್ಡರ್‌ನಿಂದ ನುಡಿ ಫಾಂಟ್‌ಗಳನ್ನೂ ನಕಲು ಮಾಡಿ.

ಫಾಂಟ್ ಏಕೆ ಬೇಕು ಎಂದರೆ, ಹಳೇ ನುಡಿ ಫೈಲಿನ ಒಳಗೆ ನಿಜವಾಗಿ ಕನ್ನಡ ಇಲ್ಲ. ‘ಕನ್ನಡ’ ಎಂದು ಟೈಪಿಸಿದ ಕಡತದಲ್ಲಿ ಉಳಿದಿರುವುದು ಇಂಗ್ಲಿಷಿನ ದೊಡ್ಡ ಪಿ, ತಲೆಯ ಮೇಲೆ ಓರೆಗೀಟಿರುವ ದೊಡ್ಡ ಎ, ಬ್ರಿಟಿಷ್ ಪೌಂಡಿನ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಚಿಕ್ಕ ಕ್ಯು, ಮತ್ತೆ ಅದೇ ಎ: ಒಟ್ಟು ಏಳು ಗುರುತು. ಪೌಂಡ್ ಚಿಹ್ನೆಯ ಜಾಗದಲ್ಲಿ ನಕಾರದ ಚಿತ್ರ ಬರೆದಿರುವುದು ಫಾಂಟ್. ಫಾಂಟ್ ತೆಗೆದರೆ ಕಸ. ಎಲ್ಲ ಭಾಷೆಗಳಿಗೂ ಸೇರಿದ ಸಂಕೇತ ಪದ್ಧತಿಯಾದ ಯೂನಿಕೋಡ್‌ನಲ್ಲಾದರೆ ಅದೇ ಪದ ಕ, ನ, ವಿರಾಮ (ಅರ್ಧಾಕ್ಷರದ ಗುರುತು), ನ, ಡ ಎಂಬ ಐದು ನಿಜವಾದ ಕನ್ನಡ ಸಂಕೇತಗಳಾಗಿ ಉಳಿಯುತ್ತದೆ. ಯಾವ ಫೋನಿನಲ್ಲೂ ಓದಬಹುದು, ಹುಡುಕಿದರೆ ಸಿಗುತ್ತದೆ.

ನುಡಿಯಿಂದ ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಎಲ್ಲವನ್ನೂ ಒಂದೇ ಸಲ ಪರಿವರ್ತಿಸಲು ಹೋಗಬೇಡಿ. ಮತ್ತೆ ಮತ್ತೆ ಬೇಕಾಗುವ ಲಗ್ನಪತ್ರಿಕೆ, ಕರಾರುಪತ್ರ, ಅಫಿಡವಿಟ್ ನಮೂನೆಗಳಿಂದ ಶುರುಮಾಡಿ, ಮೂಲ ಫೈಲನ್ನು ಮುಟ್ಟದೆ ಹೊಸ ಹೆಸರಿನಲ್ಲಿ ಉಳಿಸಿ. ಗಿರಾಕಿಗಳಿಂದ ಬಂದ ಫೈಲ್ ‘ಬರಹ’ ತಂತ್ರಾಂಶದಲ್ಲೋ ‘ಶ್ರೀಲಿಪಿ’ಯಲ್ಲೋ ಮಾಡಿದ್ದಿರಬಹುದು. ಅವುಗಳ ಸಂಕೇತ ಜೋಡಣೆ ನುಡಿಯದೇ ಆಗಿರಬೇಕೆಂದಿಲ್ಲ, ಮೊದಲು ಫಾಂಟ್ ಹೆಸರು ನೋಡಿ. ನಡುವೆ ಇರುವ ಇಂಗ್ಲಿಷ್ ಪದಗಳನ್ನೂ ಪರಿವರ್ತಕ ಕನ್ನಡವೆಂದೇ ತಿಳಿದು ಕಲಸಿಬಿಡುತ್ತದೆ. ಸರ್ವೆ ನಂಬರ್, ವಾಹನದ ನಂಬರ್, ಇಮೇಲ್ ವಿಳಾಸ ಇರುವ ಸಾಲುಗಳನ್ನು ಕಣ್ಣಿಟ್ಟು ಓದಲೇಬೇಕು.

ಎಲ್ಲಕ್ಕಿಂತ ಹೆಚ್ಚು ಎಡವುವುದು ಅರ್ಕಾವತ್ತಿನಲ್ಲಿ. ‘ಅರ್ಜಿ’ ಎಂಬ ಪದದಲ್ಲಿ ನುಡಿಯ ಹಳೇ ಫೈಲು ಕಣ್ಣಿಗೆ ಕಾಣುವ ಕ್ರಮದಲ್ಲಿ ಅ, ಜಿ, ಆಮೇಲೆ ಅರ್ಕಾವತ್ತು ಎಂದು ಇಟ್ಟಿರುತ್ತದೆ. ಯೂನಿಕೋಡ್‌ಗೆ ಉಚ್ಚಾರದ ಕ್ರಮ ಬೇಕು: ಅ, ರ, ವಿರಾಮ, ಆಮೇಲೆ ಜಿ. ಪರಿವರ್ತಕ ಈ ಅದಲುಬದಲನ್ನು ಸರಿಯಾಗಿ ಮಾಡದಿದ್ದರೆ ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರುತ್ತದೆ. ಇನ್ನೂ ಕೆಟ್ಟದ್ದೆಂದರೆ ಕನ್ನಡದ ಒಂಬತ್ತು ಅಂಕಿ ಬಂದು ಕೂತು ‘ಅಜಿ೯’ ಆಗುವುದು. ಪ್ರಿಂಟ್‌ನಲ್ಲಿ ಸರಿಯಾಗಿರುವಂತೆಯೇ ಕಾಣುತ್ತದೆ, ಆದರೆ ‘ಅರ್ಜಿ’ ಎಂದು ಹುಡುಕಿದರೆ ಎಂದಿಗೂ ಸಿಗದು. ಆದ್ದರಿಂದ ಪರಿವರ್ತಿಸಿದ ಪ್ರತಿ ಫೈಲಿನಲ್ಲೂ ‘೯’ ಎಂದು ಹುಡುಕಿ, ನಿಜವಾದ ಅಂಕಿ ಯಾವುದು, ವೇಷ ಹಾಕಿದ ಅರ್ಕಾವತ್ತು ಯಾವುದು ಎಂದು ಒಂದೊಂದಾಗಿ ನೋಡಿ. ‘ಕರ್ನಾಟಕ’, ‘ಸ್ತ್ರೀ’, ‘ರಾಷ್ಟ್ರ’, ‘ಕೃಷ್ಣ’, ‘ಜ್ಞಾನ’ ಇರುವ ಒಂದು ಪುಟವನ್ನು ನುಡಿಯಲ್ಲಿ ಟೈಪಿಸಿ ಮೊದಲು ಅದನ್ನೇ ಪರಿವರ್ತಿಸಿದರೆ, ನಿಮ್ಮ ಪರಿವರ್ತಕ ಎಲ್ಲಿ ತಪ್ಪುತ್ತದೆಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಇದೆಲ್ಲ ಮುಗಿದಾಗ ನಿಮ್ಮ ಕೈಯಲ್ಲಿ ಎರಡು ಮೂರು ಹಳೇ ಹಾರ್ಡ್ ಡಿಸ್ಕ್ ಉಳಿಯುತ್ತವೆ. ಅವನ್ನು ಗುಜರಿಗೆ ಹಾಕಬೇಡಿ, ಫಾರ್ಮ್ಯಾಟ್ ಮಾಡಿದ್ದೇನೆಂಬ ಧೈರ್ಯದಿಂದ ಮಾರಲೂ ಬೇಡಿ. ಕ್ವಿಕ್ ಫಾರ್ಮ್ಯಾಟ್ ಅಳಿಸುವುದು ಪಟ್ಟಿಯನ್ನು ಮಾತ್ರ, ಚಾಮರಾಜಪೇಟೆಯ ಎಷ್ಟೋ ಮನೆಗಳ ಆಧಾರ್ ಸ್ಕ್ಯಾನ್‌ಗಳು ಒಳಗೇ ಇರುತ್ತವೆ. ಒಂದು ತಿಂಗಳು ಎಲ್ಲ ಸರಿಯಾಗಿ ನಡೆದ ಮೇಲೆ ಮಿಂಟ್ ಯಂತ್ರಕ್ಕೆ ಜೋಡಿಸಿ ‘ಡಿಸ್ಕ್ಸ್’ ತೆರೆಯಿರಿ. ‘ಫಾರ್ಮ್ಯಾಟ್ ಡಿಸ್ಕ್’ನಲ್ಲಿ ಇರುವ ದತ್ತಾಂಶದ ಮೇಲೆ ಸೊನ್ನೆ ಬರೆಯುವ ಆಯ್ಕೆ ಆರಿಸಿ, ಗಂಟೆಗಟ್ಟಲೆ ಹಿಡಿಯುತ್ತದೆ, ರಾತ್ರಿ ಬಿಟ್ಟು ಹೋಗಿ. ಒತ್ತುವ ಮೊದಲು ಡಿಸ್ಕಿನ ಮಾಡೆಲ್ ಮತ್ತು ಗಾತ್ರವನ್ನು ಎರಡು ಸಲ ಓದಿ, ಬ್ಯಾಕಪ್ ಡಿಸ್ಕನ್ನು ಆ ಹೊತ್ತಿಗೆ ಯಂತ್ರದಿಂದ ಕಳಚಿಟ್ಟಿರಿ. ಕೆಟ್ಟು ಓಡದ ಡಿಸ್ಕಾದರೆ ಬಿಚ್ಚಿ ಒಳಗಿನ ತಟ್ಟೆಗಳನ್ನು ಗೀಚಿ, ಮಾನ್ಯತೆ ಪಡೆದ ಇ-ತ್ಯಾಜ್ಯ ಸಂಗ್ರಾಹಕರಿಗೆ ಕೊಡಿ. ಬಿಚ್ಚುವಾಗ ಕನ್ನಡಕ ಹಾಕಿಕೊಳ್ಳಿ, ಲ್ಯಾಪ್‌ಟಾಪ್ ಡಿಸ್ಕಿನ ತಟ್ಟೆ ಎಷ್ಟೋ ಸಲ ಗಾಜಿನದಾಗಿದ್ದು ಚೂರಾಗಿ ಸಿಡಿಯುತ್ತದೆ.